ಸಾಯದವನ ಸ್ಪ್ಯಾನಿಷ್ ಹೆಸರು

ಎಂದೆಂದಿಗೂ ಬದುಕುವವನನ್ನು ಸ್ಪ್ಯಾನಿಷ್ ಭಾಷೆ ‘ಇನ್‌ಮೊರ್ತಾಲ್’ ಎನ್ನುತ್ತದೆ. ‘ಮೊರ್ತಾಲ್’ ಎಂದರೆ ಸಾಯುವವನು. ‘ಇನ್’ ಅದನ್ನು ಅಲ್ಲಗಳೆಯುತ್ತದೆ. ಅಂದರೆ ಬದುಕಿನ ಸುದ್ದಿಯೇ ಈ ಪದದಲ್ಲಿಲ್ಲ. ನಮ್ಮ ‘ಅಮೃತ’ವೂ ಹಾಗೆಯೇ. ಅದರೊಳಗಿನ ‘ಮೃತ’ಕ್ಕೂ ಲ್ಯಾಟಿನ್ ಮೂಲದ ‘ಮೊರ್ತಾಲ್’ಗೂ ಇಂಡೋ-ಯುರೋಪಿಯನ್ ಬೇರು ಒಂದೇ. ಬದುಕನ್ನು ಹೇಳುವ ‘ಸಿಯೆಂಪ್ರೆವಿವಾ’, ಅಂದರೆ ಸದಾ ಜೀವಂತ, ಎಂಬ ಮಾತು ಸ್ಪ್ಯಾನಿಷ್‌ನಲ್ಲಿ ಉಂಟು. ಆದರೆ ಅದು ಬಾಡದ ಗಿಡಗಳ ಪಾಲಾಗಿದೆ!

ಬಳಕೆಯಲ್ಲಿ ಇನ್‌ಮೊರ್ತಾಲ್ ಸವೆದಿದೆ. ಹೆಸರಾದ ಕವಿಯೂ ಇನ್‌ಮೊರ್ತಾಲ್. ಫೋಟೊ ತೆಗೆದು ಒಂದು ಗಳಿಗೆಯನ್ನು ಉಳಿಸಿಕೊಂಡರೆ ಅದೂ ‘ಇನ್‌ಮೊರ್ತಾಲಿಸಾರ್’. ಈ ಅಗ್ಗದ ಅಮರತ್ವವನ್ನು ಒಪ್ಪದವರು ಸ್ಪೇನಿನ ಚಿಂತಕ ಮಿಗೆಲ್ ದೆ ಉನಾಮುನೊ. ಬದುಕಿನ ದುರಂತ ಪ್ರಜ್ಞೆಯನ್ನು ಕುರಿತ 1913ರ ಗ್ರಂಥದಲ್ಲಿ ಅವರು ಬೇಡಿದ್ದು ಕೀರ್ತಿಯನ್ನಲ್ಲ. ರಕ್ತಮಾಂಸದ ಈ ಮನುಷ್ಯನೇ ಉಳಿಯಬೇಕು ಎಂಬುದು ಅವರ ಹಟ. ಬುದ್ಧಿ ಇದನ್ನು ಒಪ್ಪದೆಂದು ಬಲ್ಲರು, ಆದರೂ ಬಿಡಲಿಲ್ಲ.

ಅರ್ಜೆಂಟೀನಾದ ಬೊರ್ಹೆಸ್ ಪದವನ್ನು ತಿರುಗಿಸಿ ನೋಡಿದರು. 1949ರ ‘ಎಲ್ ಅಲೆಫ್’ ಸಂಕಲನದಲ್ಲಿರುವ ಅವರ ‘ಎಲ್ ಇನ್‌ಮೊರ್ತಾಲ್’ ಕಥೆಯಲ್ಲಿ, ನದಿಯ ನೀರು ಕುಡಿದು ಅಮರನಾದ ರೋಮನ್ ಸೇನಾಧಿಕಾರಿ ಆ ವರವನ್ನು ಕಳೆಯುವ ಇನ್ನೊಂದು ನದಿಗಾಗಿ ಶತಮಾನಗಳ ಕಾಲ ಅಲೆಯುತ್ತಾನೆ. ಕೊನೆಗೊಂದು ದಿನ ಮುಳ್ಳು ಗೀರಿ ಕೈಯಲ್ಲಿ ರಕ್ತದ ಹನಿ ಮೂಡುತ್ತದೆ. ಅದನ್ನು ನೋಡುತ್ತ ಅವನು ಹಿಗ್ಗುತ್ತಾನೆ.