ಅವಧಿ ಮುಗಿದ ಪಾಲಿಸಿಯ ಬೆಲೆ

ಅವಧಿ ಮುಗಿದ ವಿಮಾ ಪಾಲಿಸಿ ರದ್ದಿಗೆ ಸಮ ಅಂತ ನಾವೆಲ್ಲ ನಂಬಿದ್ದೇವೆ, ಅಲ್ಲವೇ? ಅಮೆರಿಕದಲ್ಲಿ ಹಾಗಾಗಲಿಲ್ಲ. ನಯಾಗರಾ ಫಾಲ್ಸ್ ಊರಿನ ಲವ್ ಕೆನಾಲ್‌ನಲ್ಲಿ 1942ರಿಂದ 1953ರವರೆಗೆ ಸುಮಾರು 21 ಸಾವಿರ ಟನ್ ರಾಸಾಯನಿಕ ತ್ಯಾಜ್ಯ ಹೂತಿದ್ದರು. 1978ರಲ್ಲಿ ಅಲ್ಲಿನ ಜನ ಮನೆ ಬಿಡಬೇಕಾಯಿತು. ಅದರ ಬೆನ್ನಿಗೇ 1980ರಲ್ಲಿ 'ಸೂಪರ್‌ಫಂಡ್' ಕಾನೂನು ಬಂತು. ಎಂದೋ ಸುರಿದ ವಿಷಕ್ಕೂ ಸುರಿದವರು ಹೊಣೆ, ಜಾಗದ ಈಗಿನ ಮಾಲೀಕರೂ ಹೊಣೆ.

ಅಷ್ಟು ದುಡ್ಡು ಎಲ್ಲಿಂದ ತರೋದು? ಆಗ ನೆನಪಾದದ್ದು ಹಳೇ ಹೊಣೆಗಾರಿಕೆ ಪಾಲಿಸಿಗಳು. ಕ್ಲೇಮ್ ಯಾವಾಗ ಬಂದರೂ ಸರಿ, ಹಾನಿ ಪಾಲಿಸಿಯ ಅವಧಿಯಲ್ಲಿ ಆಗಿದ್ದರೆ ಸಾಕು ಅನ್ನುವಂಥ ಒಕ್ಕಣೆ ಅವುಗಳಲ್ಲಿತ್ತು. 1973ರಲ್ಲಿ 'ಹಠಾತ್, ಆಕಸ್ಮಿಕ' ಮಾಲಿನ್ಯಕ್ಕೆ ಮಾತ್ರ ಎಂದರು. 1986ರಲ್ಲಿ ಬಾಗಿಲನ್ನೇ ಬಹುತೇಕ ಹಾಕಿದರು. ಹಾಗಾಗಿ ಅದಕ್ಕೂ ಹಿಂದಿನ ಕಾಗದಕ್ಕೇ ಬೆಲೆ. ಅದನ್ನು ಹುಡುಕಿಕೊಡುವ 'ವಿಮಾ ಪುರಾತತ್ವಜ್ಞರು' ಹುಟ್ಟಿಕೊಂಡರು! ಮೂಲ ಪಾಲಿಸಿ ಕಳೆದಿದ್ದರೂ ಪ್ರೀಮಿಯಂ ಕಟ್ಟಿದ ಲೆಡ್ಜರ್ ಎಂಟ್ರಿ, ಬ್ರೋಕರ್ ಪತ್ರ ಸಾಕ್ಷಿಯಾಗಬಲ್ಲವು. (ಬ್ಯಾಂಕಿನವರಿಗೆ ಇದು ಬೇಗ ಅರ್ಥವಾಗುತ್ತದೆ.)

ಪೆಟ್ಟು ಲಂಡನ್ನಿನ ಲಾಯ್ಡ್ಸ್‌ಗೂ ಬಿತ್ತು. ಆಸ್ಬೆಸ್ಟಾಸ್, ಮಾಲಿನ್ಯದ ಕ್ಲೇಮುಗಳೂ ಸೇರಿ 1988-92ರ ವರ್ಷಗಳ ನಷ್ಟ ಸುಮಾರು 800 ಕೋಟಿ ಪೌಂಡ್. ಅಲ್ಲಿ ಬಂಡವಾಳ ಹಾಕಿದ್ದ 'ನೇಮ್ಸ್'ಗಳದು ಮಿತಿಯಿಲ್ಲದ ಹೊಣೆ. ಹಳೇ ವರ್ಷಗಳ ಹೊಣೆ ಮುಂದಿನ ವರ್ಷದವರಿಗೆ ದಾಟುವ ಪದ್ಧತಿ ಬೇರೆ. ಹೀಗೆ, ಪಾಲಿಸಿ ಬರೆದಾಗ ಅಲ್ಲಿ ಇಲ್ಲದೇ ಇದ್ದವರೂ ಮನೆ ಮಾರಿದರು.