ಬೇಸಿಗೆಯಲ್ಲಿ ಬಿಯರ್ ಮಾಡೋದೇ ನಿಷಿದ್ಧ!

ಏಪ್ರಿಲ್ ಬಂತು ಅಂದ್ರೆ ನನ್ನ ಗೆಳೆಯನದ್ದು ಒಂದೇ ಪ್ರಶ್ನೆ: "ಈ ಸೆಕೆಗೆ ಯಾವ ಬಿಯರ್ ಮಗಾ?" ಉತ್ತರ ಹುಡುಕ್ತಾ ನಾನು ಜರ್ಮನಿಯ ಬವೇರಿಯಾ ತಲುಪಿದೆ.

ಅಲ್ಲಿ 1553ರ ಆಜ್ಞೆ ಪ್ರಕಾರ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ತಯಾರಿಸೋ ಹಾಗಿರಲಿಲ್ಲ. ಸೆಕೆಗೆ ಹುಳಿಯಾಗಿ ಕೆಡ್ತಿತ್ತು. ಬೇಸಿಗೆಗೆ ಬೇಕಾದದ್ದನ್ನ ಮಾರ್ಚ್‌ನಲ್ಲೇ, ಕೆಡದಿರಲಿ ಅಂತ ಸ್ವಲ್ಪ ಸ್ಟ್ರಾಂಗ್ ಆಗಿ ಮಾಡಿಡ್ತಿದ್ರು. ಮ್ಯೂನಿಕ್‌ನವರು ನೆಲಮಾಳಿಗೆ ತೋಡಿ, ಚಳಿಗಾಲದ ಐಸ್ ತುಂಬಿ, ಮೇಲೆ ನೆರಳಿಗೆ ಚೆಸ್ಟ್‌ನಟ್ ಮರ ನೆಟ್ರು. ಜನ ಆ ನೆರಳಲ್ಲೇ ಕೂತು ಕುಡಿಯೋಕೆ ಶುರು ಮಾಡಿದ್ರು.

ಊರೊಳಗಿನ ಹೋಟೆಲಿನವರಿಗೆ ಗಿರಾಕಿಯೇ ಇಲ್ಲ! ಕಾಮರ್ಸ್ ಓದಿದ ನನಗೆ ಕಥೆ ರುಚಿಸಿದ್ದು ಇಲ್ಲೇ. ಅವರ ದೂರಿಗೆ 1812ರಲ್ಲಿ ದೊರೆ ಒಂದನೇ ಮ್ಯಾಕ್ಸಿಮಿಲಿಯನ್ ರಾಜಿ ಸೂತ್ರ ಹುಡುಕಿದ: ಬಿಯರ್ ಮಾಡೋರು ಬೇಸಿಗೆಯಲ್ಲಿ ಅಲ್ಲೇ ಮಾರಬಹುದು, ಆದ್ರೆ ಬ್ರೆಡ್ ಬಿಟ್ಟು ಬೇರೆ ತಿಂಡಿ ಕೊಡೋ ಹಾಗಿಲ್ಲ. ಜನ ಬುತ್ತಿ ಕಟ್ಕೊಂಡೇ ಬಂದ್ರು! ಈಗಲೂ ಅಲ್ಲಿನ ಬಿಯರ್ ಗಾರ್ಡನ್‌ಗಳಿಗೆ ಮನೆ ಊಟ ಒಯ್ಯಬಹುದು. (ನಮ್ಮೂರ ಪಬ್‌ನಲ್ಲಿ ಕೋಡುಬಳೆ ಬಿಚ್ಚಿ ನೋಡಿ.)

1870ರ ದಶಕದಲ್ಲಿ ಕಾರ್ಲ್ ಲಿಂಡೆಯ ತಂಪು ಮಾಡೋ ಯಂತ್ರ ಬಂತು. ಲಾಗರ್‌ಗೆ ಋತುವಿನ ಹಂಗು ತಪ್ಪಿತು.

ಗೆಳೆಯನಿಗೆ ಹೇಳಿದೆ: ಈಗ ಫ್ರಿಡ್ಜ್ ಇದೆ, ಸ್ಟ್ರಾಂಗ್ ಯಾಕೋ? ಹಗುರದ ಲಾಗರ್ ಒಂದು ಸಾಕು, ಜೊತೆಗೆ ನೀರು ಕುಡಿ. ಕೋಡುಬಳೆ ನಾನು ತರ್ತೀನಿ.