ತೆರೆಯದ ಫೈಲು, ಓದಲಾಗದ ಲಿಪಿ

ಶಾಸನಪಾಠಗಳನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿಟ್ಟುಕೊಂಡವರಿಗೆ ಈ ತೊಂದರೆ ಗೊತ್ತೇ ಇರುತ್ತೆ. ಇಪ್ಪತ್ತು ವರ್ಷ ಹಳೆಯ ಫೈಲು ತೆರೆದರೆ ಕನ್ನಡವಿರಬೇಕಾದ ಕಡೆ ಗೀಟು, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು. ಫೈಲು ಕೆಟ್ಟಿದೆ ಅಂದುಕೊಂಡು ಅಳಿಸಿಹಾಕುವವರೂ ಇದ್ದಾರೆ. ದಯವಿಟ್ಟು ಅಳಿಸಬೇಡಿ. ಬಹಳಷ್ಟು ಸಲ ಕೆಟ್ಟಿರುವುದು ಫೈಲಲ್ಲ, ನಮ್ಮ ಕೈತಪ್ಪಿರುವುದು ಅದರ ಕೀಲಿ.

ಶಾಸನಶಾಸ್ತ್ರಕ್ಕೆ ಇದು ಹೊಸ ಕಥೆಯೇನಲ್ಲ. 14ನೇ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ಅಶೋಕನ ಕಂಬಗಳನ್ನು ದೆಹಲಿಗೆ ತರಿಸಿದಾಗ ಅಕ್ಷರಗಳು ಸ್ಪಷ್ಟವಾಗಿಯೇ ಇದ್ದವು, ಓದುವವರೇ ಇರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಸಾಂಚಿಯ ಚಿಕ್ಕಚಿಕ್ಕ ಬರಹಗಳ ಕೊನೆಯಲ್ಲಿ ಒಂದೇ ಜೋಡಿ ಅಕ್ಷರ ಮತ್ತೆಮತ್ತೆ ಬರುವುದನ್ನು ಗಮನಿಸಿ, ಅದು ‘ದಾನಂ’ ಇರಬೇಕೆಂದು ಊಹಿಸಿದ. ಬ್ರಾಹ್ಮಿ ತೆರೆದುಕೊಂಡಿತು. 1892ರಲ್ಲಿ ಬಿ. ಎಲ್. ರೈಸ್ ಅವರಿಗೆ ಬ್ರಹ್ಮಗಿರಿಯ ಅಶೋಕ ಶಾಸನ ಸಿಕ್ಕಾಗ ಆ ಕೀಲಿ ಸಿದ್ಧವಾಗಿತ್ತು.

ನಮ್ಮ ಫೈಲುಗಳ ಕೀಲಿ ಎಲ್ಲಿ ತಪ್ಪಿತು? ಕನ್ನಡಕ್ಕೆ ಯೂನಿಕೋಡಿನಲ್ಲಿ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ವಿಂಡೋಸಿನಲ್ಲಿ ಅದಕ್ಕೆ ಬೆಂಬಲ ಬಂದದ್ದು 2001ರ ಎಕ್ಸ್‌ಪಿಯಿಂದ. ಎಲ್ಲರಿಗೂ ರೂಢಿಯಾಗಲು ಇನ್ನೂ ವರ್ಷಗಳು ಬೇಕಾದವು. ಆ ಹೊತ್ತಿಗೆ ನುಡಿ, ಬರಹ, ಶ್ರೀಲಿಪಿಗಳ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಅಂದರೆ ಫೈಲಿನೊಳಗೆ ಇರುವುದು ಇಂಗ್ಲಿಷ್ ಸಂಕೇತ, ಕನ್ನಡವಾಗಿ ತೋರಿಸುವುದು ಫಾಂಟು. ಫಾಂಟ್ ಹೋದರೆ ಲಿಪಿಯೂ ಹೋಯಿತು. ಬೇರೆ ಕಂಪನಿಯ ಫಾಂಟು ಹಾಕಿದರೆ ಗ್ರಂಥಲಿಪಿಯನ್ನು ಕನ್ನಡವೆಂದು ಓದಿದ ಹಾಗೆ ಆಗುತ್ತೆ.

ಮೊದಲು ಫೈಲಿನ ಒಂದು ನಕಲು ಮಾಡಿ, ಏನೇ ಪ್ರಯೋಗವಿದ್ದರೂ ನಕಲಿನ ಮೇಲೆ. ಆಮೇಲೆ ಲಕ್ಷಣ ನೋಡಿ. ಇಂಗ್ಲಿಷ್ ಅಕ್ಷರ ಕಂಡರೆ ಹಳೆಯ ಫಾಂಟ್ ಬೇಕು. ವರ್ಡ್ ಫೈಲಾದರೆ ಆ ಸಾಲಿನ ಮೇಲೆ ಕರ್ಸರ್ ಇಟ್ಟಾಗ ಫಾಂಟಿನ ಹೆಸರು ಸಾಮಾನ್ಯವಾಗಿ ಕಾಣುತ್ತೆ. ಖಾಲಿ ಚೌಕಗಳು ಕಂಡರೆ ಪಠ್ಯ ಬಹುಶಃ ಯೂನಿಕೋಡಿನಲ್ಲೇ ಇದೆ, ಆ ಅಕ್ಷರಗಳಿರುವ ಫಾಂಟು ಹಾಕಿದರೆ ಸಾಕು. ಫೈಲು ತೆರೆಯುವುದೇ ಇಲ್ಲ ಅಂದರೆ ಆಗ ಹಾನಿಯ ಅನುಮಾನ ಪಡಬಹುದು. ಅದು ಡಾಕ್ಸ್ ಫೈಲಾದರೆ ನಿಜದಲ್ಲಿ ಒಂದು ಜಿಪ್ ಗಂಟು. ನಕಲಿನ ಹೆಸರಿನ ಕೊನೆಯನ್ನು ಜಿಪ್ ಅಂತ ಬದಲಿಸಿ ಬಿಚ್ಚಿದರೆ, ಒಳಗಿನ ‘ವರ್ಡ್’ ಫೋಲ್ಡರಿನ ‘ಡಾಕ್ಯುಮೆಂಟ್’ ಕಡತದಲ್ಲಿ ಪಠ್ಯ ಉಳಿದಿರುವ ಸಾಧ್ಯತೆ ಉಂಟು.

ಕನ್ನಡ ಕಾಣಿಸಿದ ಕೂಡಲೇ ಕೆಲಸ ಮುಗಿಯಲಿಲ್ಲ. ಹಳೆಯ ಫಾಂಟಿನಿಂದ ಯೂನಿಕೋಡಿಗೆ ಬದಲಿಸುವ ತಂತ್ರಾಂಶಗಳು ದಿನಬಳಕೆಯ ಕನ್ನಡಕ್ಕೆ ಸಾಕು, ಶಾಸನಕ್ಕೆ ಸಾಲದಿರಬಹುದು. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ವ್ಯಂಜನದ ನಂತರ ಬರುತ್ತೆ, ಯೂನಿಕೋಡಿನಲ್ಲಿ ರಕಾರ ಮೊದಲು. ‘ಧರ್ಮ್ಮ’ದಂಥ ಶಾಸನರೂಪಗಳು ಇಲ್ಲಿ ಎಡವಬಹುದು. ಇನ್ನೂ ನಾಜೂಕಾದವು ಱ ಮತ್ತು ೞ. ಯೂನಿಕೋಡ್ ಪಟ್ಟಿಯಲ್ಲೇ ೞ ಅಕ್ಷರಕ್ಕೆ ‘ಫ’ ಎಂಬ ತಪ್ಪು ಹೆಸರು ಬಿದ್ದಿದೆ; ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವ ಹಾಗಿಲ್ಲದ್ದರಿಂದ ತಿದ್ದುಪಡಿಯಾಗಿ ಇನ್ನೊಂದು ಹೆಸರು ಸೇರಿಸಿದ್ದಾರೆ. ೞ ಕ್ರಮೇಣ ಳ ಆದದ್ದು, ಱ ಹೋಗಿ ರ ಉಳಿದದ್ದು ಶಾಸನದ ಕಾಲ ಅಂದಾಜಿಸಲು ನಮಗಿರುವ ಸುಳಿವುಗಳು. ಪರಿವರ್ತನೆಯಲ್ಲಿ ೞ ಜಾಗಕ್ಕೆ ಳ ಬಂದು ಕೂತರೆ ಓದುಗನಿಗೆ ಗೊತ್ತೇ ಆಗುವುದಿಲ್ಲ. ತೆರೆಯದ ಫೈಲಿಗಿಂತ ತಪ್ಪಾಗಿ ತೆರೆದ ಫೈಲೇ ಹೆಚ್ಚು ಅಪಾಯ.

ಹಾಗಾಗಿ ಪ್ರತಿ ಸಾಲನ್ನೂ ಪಡಿಯಚ್ಚು ಅಥವಾ ಕಲ್ಲಿನ ಫೋಟೋ ಜೊತೆ ಹೋಲಿಸಿ. ಮೂಲ ಫೈಲು, ಅದರ ಫಾಂಟು, ಯೂನಿಕೋಡ್ ಪಠ್ಯ, ಪಿಡಿಎಫ್ ನಾಲ್ಕನ್ನೂ ಒಂದೇ ಕಡೆ ಇಡಿ. ಯಾವ ಊರು, ಯಾವ ಕಲ್ಲು, ಯಾರು ಓದಿದ್ದು, ಯಾವ ಫಾಂಟು ಅಂತ ಒಂದು ಹಾಳೆಯಲ್ಲಿ ಬರೆದು ಸೇರಿಸಿ. ಕಲ್ಲು ರಸ್ತೆ ಕೆಲಸದಲ್ಲೋ ಮನೆಯ ಪಾಯದಲ್ಲೋ ಸೇರಿಹೋದ ಮೇಲೆ ಆ ಹಳೆಯ ಫೈಲೇ ಶಾಸನದ ಏಕೈಕ ಪ್ರತಿ ಆಗಿರಬಹುದು.